ಅಮೆರಿಕದ ವೈಜ್ಞಾನಿಕ ಕಾಲ್ಪನಿಕ ಟಿವಿ ಸರಣಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದ ಹೊಸ ಆವೃತ್ತಿಯ ಸಂಗೀತ ಹಳೆಯದಕ್ಕಿಂತ ಅಷ್ಟು ಬೇರೆ ಯಾಕೆ?

ಬೇಕೆಂದೇ ಹಾಗೆ ಮಾಡಿದ್ದು. 1978ರ ಮೂಲ ಸರಣಿಗೆ ಸ್ಟು ಫಿಲಿಪ್ಸ್ ದೊಡ್ಡ ಆರ್ಕೆಸ್ಟ್ರಾದ ಸಂಗೀತ ಕೊಟ್ಟಿದ್ದರು. ಕಹಳೆಗಳ ಅಬ್ಬರ, ವಿಜಯಯಾತ್ರೆಯ ಧಾಟಿ. ಮತ್ತೆ ತಯಾರಾದಾಗ ನಿರ್ಮಾಪಕರಿಗೆ ಆ ವೈಭವ ಬೇಡವಾಗಿತ್ತು. ಕಥೆ ಸೋತು ಓಡುತ್ತಿರುವ ಜನರದ್ದು, ಅಲ್ವಾ?

ಹಾಗಾಗಿ 2003ರ ಕಿರುಸರಣಿಯಲ್ಲಿ ರಿಚರ್ಡ್ ಗಿಬ್ಸ್, ನಂತರ ಪೂರ್ಣ ಸರಣಿಯಲ್ಲಿ ಬೇರ್ ಮೆಕ್‌ಕ್ರಿಯರಿ ಬೇರೆ ದಾರಿ ಹಿಡಿದರು. ಯುದ್ಧದ ದೃಶ್ಯಗಳಿಗೆ ಜಪಾನಿನ ಟೈಕೋ ಡೋಲುಗಳು. ದುಃಖಕ್ಕೆ ಅರ್ಮೇನಿಯಾದ ಡುಡುಕ್. ಏಪ್ರಿಕಾಟ್ ಮರದಿಂದ ಮಾಡುವ ಈ ಊದುವ ವಾದ್ಯದ ದನಿ ಮನುಷ್ಯರ ಗಂಟಲಿಗೆ ತುಂಬಾ ಹತ್ತಿರ. ಗಿಬ್ಸ್ ಮಾಡಿದ ಶೀರ್ಷಿಕೆ ಸಂಗೀತದಲ್ಲಿ ನಮ್ಮ ಗಾಯತ್ರಿ ಮಂತ್ರವೇ ಇದೆ!

ಆದರೆ ಆರ್ಕೆಸ್ಟ್ರಾ ಪೂರ್ತಿ ಮಾಯವಾಗಲಿಲ್ಲ. ನನಗೆ ಅತಿ ಹೆಚ್ಚು ಇಷ್ಟವಾಗುವುದು ಮೊದಲ ಸೀಸನ್ನಿನ ಕೊನೆಯಲ್ಲಿ ಬರುವ 'ಪಾಸಕಾಲಿಯಾ' ಎಂಬ ಸಂಗೀತ. ಪಾಸಕಾಲಿಯಾ ಎಂದರೆ 17ನೇ ಶತಮಾನದಿಂದ ಯುರೋಪಿನಲ್ಲಿ ಬಳಕೆಯಲ್ಲಿರುವ ಒಂದು ರಚನಾ ಕ್ರಮ. ಕೆಳಗಿನ ಸ್ವರಗಳ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ, ಮೇಲಿನ ರಾಗ ಪ್ರತಿ ಸಲವೂ ಬದಲಾಗುತ್ತಾ ಬೆಳೆಯುತ್ತದೆ. ಇಲ್ಲಿ ತಂತಿವಾದ್ಯಗಳೇ ಮುಖ್ಯ. ಅಲ್ಲಿಯವರೆಗೆ ಡೋಲು ಕೇಳಿದ್ದ ಕಿವಿಗೆ ಅದು ಸುಮ್ನೆ ಬಂದು ತಟ್ಟುತ್ತದೆ. ಆರ್ಕೆಸ್ಟ್ರಾವನ್ನು ಮಿತವಾಗಿ ಬಳಸಿದ್ದರಿಂದಲೇ ಈ ಪರಿಣಾಮ ಎಂದು ನನ್ನ ಅನಿಸಿಕೆ. ಸರಣಿ ಮುಂದುವರಿದಂತೆ ತಂಡ ಬೆಳೆಯಿತು. 2009ರ ಕೊನೆಯ ಕಂತಿಗೆ ದೊಡ್ಡ ಆರ್ಕೆಸ್ಟ್ರಾವೇ ನುಡಿಸಿದೆ.

ಕೇಳಲು ಶುರು ಮಾಡುವುದಾದರೆ ಮೊದಲ ಸೀಸನ್ನಿನ ಆಲ್ಬಮ್‌ನಿಂದಲೇ ಮಾಡಿ.