ಹಾಸ್ಟೆಲ್ ವೈಫೈನಲ್ಲಿ ವಾಟ್ಸಾಪ್ ಮಾಲ್‌ವೇರ್ ಹರಡುತ್ತಿದೆ, ಹಿಡಿಯೋದು ಹೇಗೆ?

ನೀವು ಚಿತ್ರದುರ್ಗದ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೀರಿ. ಹುಡುಗರ ವಾಟ್ಸಾಪ್‌ನಿಂದ ‘ಮದುವೆ ಆಮಂತ್ರಣ’ ಅಂತ ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ತಾನಾಗೇ ಎಲ್ಲ ಗ್ರೂಪಿಗೂ ಹೋಗುತ್ತಿದೆ, ಡಿಲೀಟ್ ಮಾಡಿದರೂ ನಿಲ್ಲುತ್ತಿಲ್ಲ, ನೆಟ್‌ವರ್ಕಿಗೆ ಕಾವಲಿರುವ ಫೈರ್‌ವಾಲ್‌ನಲ್ಲಿ ಏನೂ ಕಾಣುತ್ತಿಲ್ಲ ಅಂದಿದ್ದೀರಿ. ನಾನು ದಾವಣಗೆರೆಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಇಂಥದ್ದು ನಮ್ಮಲ್ಲೂ ಬಂದಿತ್ತು.

ಫೈರ್‌ವಾಲ್‌ನಲ್ಲಿ ಆ ಫೈಲ್ ಹುಡುಕೋದನ್ನು ಬಿಡಿ. ವಾಟ್ಸಾಪ್‌ನಲ್ಲಿ ಹೋಗೋದೆಲ್ಲ ಕಳಿಸಿದ ಫೋನಿನಲ್ಲೇ ಲಾಕ್ ಆಗಿ, ತಲುಪಿದ ಫೋನಿನಲ್ಲೇ ತೆರೆಯುತ್ತದೆ. ನಡುವೆ ಇರುವ ನಮಗೆ ಅದು ಕಾಣೋದೇ ಇಲ್ಲ. ಕಾಣೋದು ಒಂದೇ, ಸೋಂಕು ತಗುಲಿದ ಫೋನ್ ಆಮೇಲೆ ಯಾರ ಜೊತೆ ಮಾತಾಡುತ್ತದೆ ಅನ್ನೋದು.

ಇಂಥ ಎಪಿಕೆಗಳಲ್ಲಿ ಹಲವು, ಕದ್ದ ಎಸ್ಸೆಮ್ಮೆಸ್‌ಗಳನ್ನು ಟೆಲಿಗ್ರಾಂ ಬಾಟ್ (ತಾನಾಗೇ ಕೆಲಸ ಮಾಡುವ ಖಾತೆ) ಒಂದಕ್ಕೆ ಸಾಗಿಸುತ್ತವೆ. ಹಾಗಾಗಿ ಯಾವ ಫೋನ್ ಯಾವ ವಿಳಾಸ ಕೇಳಿತು ಅಂತ ದಾಖಲಿಸುವ ಡಿಎನ್ಎಸ್ ಲಾಗ್‌ನಲ್ಲಿ ‘ಎಪಿಐ ಡಾಟ್ ಟೆಲಿಗ್ರಾಂ ಡಾಟ್ ಆರ್ಗ್’ ಹುಡುಕಿ. ಮಾಮೂಲಿ ಟೆಲಿಗ್ರಾಂ ಆ್ಯಪ್‌ಗೆ ಆ ವಿಳಾಸದ ಅಗತ್ಯವಿಲ್ಲ. ಪ್ರಾಜೆಕ್ಟಿಗೆ ಬಾಟ್ ಬರೆಯುವ ಸಿಎಸ್ ಹುಡುಗರು ಒಬ್ಬಿಬ್ಬರು ಸಿಗಬಹುದು, ಉಳಿದ ಫೋನ್‌ಗಳ ಮೇಲೆ ಅನುಮಾನ ಪಡಲೇಬೇಕು. ಫೋನ್ ಯಾರದ್ದು ಅಂತ ಮ್ಯಾಕ್ ವಿಳಾಸ (ಪ್ರತಿ ಫೋನಿನ ವೈಫೈ ಗುರುತಿನ ಸಂಖ್ಯೆ) ಹಿಡಿದು ಹೋಗಬೇಡಿ. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನ್‌ಗಳು ಸಾಮಾನ್ಯವಾಗಿ ವೈಫೈಗೆ ಸುಳ್ಳು ಮ್ಯಾಕ್ ಕೊಡುತ್ತವೆ. ಯುಎಸ್ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಹಾಕಿ ಲಾಗಿನ್ ಆಗುವ ವ್ಯವಸ್ಥೆ ಇದ್ದರೆ, ಆ ಹೊತ್ತಿಗೆ ಲಾಗ್‌ನಲ್ಲಿ ಕಂಡ ಐಪಿ (ನೆಟ್‌ವರ್ಕ್ ಕೊಟ್ಟ ವಿಳಾಸ) ಯಾರ ಬಳಿ ಇತ್ತು ಅಂತ ನೇರವಾಗಿ ಗೊತ್ತಾಗುತ್ತದೆ. ಟೆಲಿಗ್ರಾಂನ ಆ ವಿಳಾಸವನ್ನು ಸುಮ್ನೆ ಬ್ಲಾಕ್ ಮಾಡಿ ಕೂತರೆ ಸಾಲದು. ಹುಡುಗ ಗೇಟ್ ದಾಟಿ ಮೊಬೈಲ್ ಡೇಟಾ ಆನ್ ಮಾಡಿದರೆ ಮತ್ತೆ ಶುರು.

ಈಗ, ಅದು ಯಾಕೆ ನಿಲ್ಲುತ್ತಿಲ್ಲ? ಡಿಲೀಟ್ ಮಾಡಿದ್ದು ಫೈಲನ್ನು, ಅದರಿಂದ ಇನ್‌ಸ್ಟಾಲ್ ಆದ ಆ್ಯಪ್ ಫೋನಿನ ಒಳಗೇ ಇದೆ. ಅದಕ್ಕೆ ಎಸ್ಸೆಮ್ಮೆಸ್ ಓದುವ ಅನುಮತಿ ಸಿಕ್ಕಿದೆ. ವಾಟ್ಸಾಪ್‌ನ ಆರಂಕಿ ಕೋಡ್ ಕೂಡ ಎಸ್ಸೆಮ್ಮೆಸ್‌ನಲ್ಲೇ ಬರುತ್ತದೆ ಅಲ್ವಾ? ಕಳ್ಳ ಅದನ್ನು ಓದಿ, ಆ ನಂಬರನ್ನು ತನ್ನ ಫೋನಿನಲ್ಲಿ ತೆರೆದು, ಅಲ್ಲಿಂದ ಎಲ್ಲರಿಗೂ ಕಳಿಸುತ್ತಾನೆ. ಫೋನ್ ಸ್ವಚ್ಛ ಮಾಡುವ ಮೊದಲೇ ವಾಟ್ಸಾಪ್ ವಾಪಸ್ ಪಡೆದರೆ ಹೊಸ ಕೋಡೂ ಅವನ ಕೈಗೇ ಹೋಗುತ್ತದೆ.

ಅದಕ್ಕೇ ಮೊದಲು ಏರೋಪ್ಲೇನ್ ಮೋಡ್, ವೈಫೈ ಕೂಡ ಆಫ್. ಸೆಟ್ಟಿಂಗ್ಸ್‌ನ ಪರ್ಮಿಷನ್ ಮ್ಯಾನೇಜರ್‌ನಲ್ಲಿ ಎಸ್ಸೆಮ್ಮೆಸ್ ತೆರೆಯಿರಿ. ಮೆಸೇಜ್, ಫೋನ್‌ಪೇ, ಬ್ಯಾಂಕ್ ಆ್ಯಪ್‌ಗಳ ಸಾಲಿನಲ್ಲೇ ಒಂದು ಖಾಲಿ ಐಕಾನೋ, ಮದುವೆ ಕಾರ್ಡಿನ ಹೆಸರೋ ಕಾಣಬಹುದು. ಹೋಮ್ ಸ್ಕ್ರೀನಿನಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ, ಅಲ್ಲಿಂದ ತನ್ನನ್ನು ಅಡಗಿಸಿಕೊಂಡಿರುತ್ತದೆ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಸೇಫ್ ಮೋಡ್‌ಗೆ (ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡದ ಸ್ಥಿತಿಗೆ) ಹೋಗಿ. ಡಿವೈಸ್ ಅಡ್ಮಿನ್ ಮತ್ತು ಆ್ಯಕ್ಸೆಸಿಬಿಲಿಟಿ ಎರಡರಲ್ಲೂ ಅದನ್ನು ಆಫ್ ಮಾಡಿ, ಆಮೇಲೆ ತೆಗೆಯಿರಿ. ಆಗಲೂ ಜಗ್ಗದಿದ್ದರೆ ಫೋಟೋ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್. ಆಮೇಲೆ ಏರೋಪ್ಲೇನ್ ಮೋಡ್ ತೆಗೆದು, ಪ್ಲೇ ಸ್ಟೋರ್‌ನ ಆ್ಯಪ್ ತಪಾಸಣೆಯಾದ ಪ್ಲೇ ಪ್ರೊಟೆಕ್ಟ್ ಓಡಿಸಿ, ಕಳ್ಳ ಕರೆಗಳನ್ನು ತನ್ನ ಕಡೆ ತಿರುಗಿಸಿಕೊಂಡಿದ್ದರೆ ನಿಲ್ಲಲಿ ಅಂತ ##002# ಒತ್ತಿ ಕಾಲ್ ಫಾರ್ವರ್ಡ್ ರದ್ದು ಮಾಡಿ. ಕೊನೆಗೆ ಹೊಸ ಕೋಡ್ ತರಿಸಿ ವಾಟ್ಸಾಪ್ ತೆರೆಯಿರಿ. ಕೋಡ್ ಹಾಕಿದ ಕೂಡಲೇ ಕಳ್ಳ ಹೊರಗೆ. ಅವನು ಎರಡನೇ ಹಂತದ ಪಿನ್ ಹಾಕಿದ್ದರೆ ನೀವು 7 ದಿನ ಕಾಯಬೇಕಾಗಬಹುದು, ಆದರೂ ಅವನು ಹೊರಗೇ. ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ ಸಾಧನ ಇದೆಯಾ ನೋಡಿ, ಹುಡುಗನಿಂದಲೇ ಹೊಸ ಪಿನ್ ಹಾಕಿಸಿ.

ಇಷ್ಟೆಲ್ಲ ಮಾಡುವಾಗಲೇ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿಸಿ. ನಮ್ಮ ಕಡೆ ಜಗಳೂರು, ಚಳ್ಳಕೆರೆ ಹಳ್ಳಿಗಳಿಂದ ಬಂದ ಎಷ್ಟೋ ಹುಡುಗರ ನಂಬರೇ ಅಪ್ಪನ ಖಾತೆಗೂ ಜೋಡಣೆಯಾಗಿರುತ್ತದೆ. ಮೆಕ್ಕೆಜೋಳ ಮಾರಿದ ದುಡ್ಡು ಅದರಲ್ಲಿರುತ್ತದೆ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಬೈಗುಳಕ್ಕೆ ಹೆದರಿ ಹುಡುಗರು ಬಾಯಿ ಬಿಡುವುದಿಲ್ಲ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ. ನೋಟಿಸ್‌ನಲ್ಲಿ ‘ದಂಡ ಇಲ್ಲ, ಹೆಸರು ಹೊರಗೆ ಬರುವುದಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆಸಿ. ವಾರ್ಡನ್ ಒಪ್ಪದಿದ್ದರೆ ಪ್ರಿನ್ಸಿಪಾಲರ ಹತ್ತಿರವೇ ಹೋಗಿ.

ಲ್ಯಾಬ್ ಪಿಸಿಗಳಲ್ಲಿ ವಾಟ್ಸಾಪ್ ವೆಬ್ ತೆರೆದೇ ಬಿಟ್ಟು ಹೋಗಿರುತ್ತಾರೆ, ಅದನ್ನೂ ನೋಡಿ. 2025ರಲ್ಲಿ ಬ್ರೆಜಿಲ್‌ನಲ್ಲಿ ಹರಡಿದ ಸೊರ್ವೆಪೊಟೆಲ್ ಅನ್ನೋ ವಿಂಡೋಸ್ ಮಾಲ್‌ವೇರ್ ಜಿಪ್ ಫೈಲಾಗಿ ಬಂದು, ವಾಟ್ಸಾಪ್ ವೆಬ್ ಮೂಲಕವೇ ಎಲ್ಲರಿಗೂ ಹೋಗುತ್ತಿತ್ತು. ಪಿಸಿ ಆನ್ ಆದ ಕೂಡಲೇ ಓಡುವ ಫೈಲ್‌ಗಳಿರುವ ವಿಂಡೋಸ್‌ನ ಸ್ಟಾರ್ಟಪ್ ಫೋಲ್ಡರಿನಲ್ಲಿ ನೀವು ಹಾಕದ ಫೈಲ್ ಇದ್ದರೆ ಆ ಪಿಸಿಯ ನೆಟ್‌ವರ್ಕ್ ಕೇಬಲ್ ಮೊದಲು ಕಿತ್ತುಬಿಡಿ.