ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಗೆ ಸಂಸಾರ ಸಮೇತ ಹೋಗಬಹುದಾ? ಅಷ್ಟು ಕಡಿಮೆ ಜನ ಇರುವ ಕಡೆ ಒಂಟಿತನ ಕಾಡಲ್ವಾ? ಒಮಾಹಾ ನಗರದಲ್ಲೂ ಒಂದು ಆಫರ್ ಇದೆ, ಅದನ್ನೇ ಒಪ್ಪಿಕೊಳ್ಳಲಾ?

2022ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ನಿದ್ದೆಗೆಟ್ಟಿದ್ದೆ. ನಿಮ್ಮ ಹಾಗೆಯೇ ನೆಬ್ರಾಸ್ಕಾದ ವ್ಯಾಲೆಂಟೈನ್ ಊರಲ್ಲಿ ಕೆಲಸ ಸಿಕ್ಕಿತ್ತು, ಫಿಸಿಯೋಥೆರಪಿಸ್ಟ್ ಆಗಿ. ನಿಮ್ಮ ಹಾಗೆಯೇ 2020ರ ಗಣತಿ ತೆಗೆದು ನೋಡಿ, ಇಡೀ ಕೌಂಟಿಗೆ 5,455 ಜನ ಅಂತ ಓದಿ ಎದೆ ಧಸಕ್ಕೆಂದಿತ್ತು.

ನಾನು ಬೈಲಹೊಂಗಲದ ಕಡೆಯವನು. ನಮ್ಮ ಬೆಳಗಾವಿ ಜಿಲ್ಲೆ ಸುಮಾರು 13,400 ಚದರ ಕಿಲೋಮೀಟರ್, 2011ರಲ್ಲೇ 47 ಲಕ್ಷ ದಾಟಿದ ಜನ. ಚೆರ್ರಿ ಕೌಂಟಿ ಅದಕ್ಕಿಂತ ದೊಡ್ಡದು, 15,500 ಚದರ ಕಿಲೋಮೀಟರಿಗೂ ಮಿಕ್ಕಿ. ಭಾಗಿಸಿದರೆ ಹತ್ತಿರಹತ್ತಿರ ಮೂರು ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯ. ಆದರೆ ಜನ ಹಾಗೆ ಸಮನಾಗಿ ಹರಡಿಕೊಂಡಿಲ್ಲ. ಅರ್ಧದಷ್ಟು ಜನ ವ್ಯಾಲೆಂಟೈನ್ ಒಂದರಲ್ಲೇ ಇದ್ದಾರೆ. ಇನ್ನು ಕೆಲವರು ಉತ್ತರದ ಅಂಚಿನಲ್ಲಿ ಹಾಯುವ 20ನೇ ಹೈವೇ ಉದ್ದಕ್ಕೂ ಕಿಲ್ಗೋರ್, ಕೋಡಿ, ಮೆರಿಮನ್ ತರಹದ ಪುಟ್ಟ ಊರುಗಳಲ್ಲಿ. ಮಿಕ್ಕವರು ರಾಂಚ್‌ಗಳಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನುಗಳಲ್ಲಿ. ದಕ್ಷಿಣಕ್ಕೆ ತಿರುಗಿದರೆ ಹುಲ್ಲು ಹೊದ್ದ ಮರಳು ದಿಬ್ಬಗಳು, ದನಗಳು, ಮತ್ತೆ ದಿಬ್ಬಗಳು. ಮೆರಿಮನ್‌ನಿಂದ 61ನೇ ಹೈವೇ ಹಿಡಿದು ಹಯಾನಿಸ್ ಮುಟ್ಟುವವರೆಗೆ ನಡುವೆ ಒಂದೂ ಊರಿಲ್ಲ.

ನಾನು ಮಾಡಿದ ತಪ್ಪು ಇಲ್ಲೇ ಇದೆ. ವ್ಯಾಲೆಂಟೈನ್‌ನಲ್ಲಿ ಆಗ ಬಾಡಿಗೆ ಮನೆ ಸಿಗಲಿಲ್ಲ. ಮೆರಿಮನ್‌ನಲ್ಲಿ ಒಂದು ಮನೆ ಸೋವಿಗೆ ಸಿಕ್ಕಿತು. ನೂರರ ಆಸುಪಾಸು ಜನರಿರುವ ಊರು. 'ಅದೇ ಕೌಂಟಿ ತಾನೇ' ಅಂತ ಒಂದು ವರ್ಷದ ಕರಾರಿಗೆ ಸಹಿ ಹಾಕಿದೆ. ಕೌಂಟಿ ಅಂದರೆ ನನ್ನ ತಲೆಯಲ್ಲಿ ತಾಲ್ಲೂಕು. ತಾಲ್ಲೂಕಿನೊಳಗಿನ ಹಳ್ಳಿ ಅಂದರೆ ಬಸ್ಸು ತಪ್ಪಿದರೂ ಯಾರದೋ ಬೈಕಿನ ಹಿಂದೆ ಕೂತು ಮನೆ ಸೇರಬಹುದು. ಮ್ಯಾಪಿನಲ್ಲಿ 60 ಮೈಲಿ, ಒಂದು ಗಂಟೆ ಅಂತ ತೋರಿಸಿತು. ಬೆಂಗಳೂರಲ್ಲಿ ಆರು ವರ್ಷ ದಿನಾ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತವನಿಗೆ ಒಂದು ಗಂಟೆ ಯಾವ ಲೆಕ್ಕ? ಆದರೆ ಬೆಂಗಳೂರಿನ ಒಂದು ಗಂಟೆಯಲ್ಲಿ ಸಾಗುವುದು ಹದಿನೈದು ಕಿಲೋಮೀಟರ್. ಗಾಡಿ ಕೆಟ್ಟರೆ ಎಡಬಲದಲ್ಲಿ ಮನೆ, ಅಂಗಡಿ, ಮೆಕ್ಯಾನಿಕ್. ಮೆರಿಮನ್‌ನ ಒಂದು ಗಂಟೆ ಅಂದರೆ ನೂರು ಕಿಲೋಮೀಟರ್, ಅದರಲ್ಲಿ ಬಹುಪಾಲು ಕಡೆ ಕೂಗಿದರೆ ಓಗೊಡುವವರಿಲ್ಲ. ಗಂಟೆಯಲ್ಲಿ ದೂರ ಅಳೆದೆ, ಅದೇ ನನಗೆ ಮುಳುವಾಯಿತು.

ಗಡಿಯಾರದ್ದು ಇನ್ನೊಂದು. ಈ ಕೌಂಟಿ ಎರಡು ಸಮಯ ವಲಯಗಳಲ್ಲಿ ಹರಿದು ಹಂಚಿಹೋಗಿದೆ. ವ್ಯಾಲೆಂಟೈನ್ ಸೆಂಟ್ರಲ್, ಮೆರಿಮನ್ ಮೌಂಟನ್, ಒಂದು ಗಂಟೆ ಹಿಂದೆ. ಮೊದಲ ದಿನ ಎಂಟಕ್ಕೆ ತಲುಪಬೇಕು ಅಂತ ಏಳಕ್ಕೆ ಹೊರಟೆ. ತಲುಪಿದಾಗ ಅಲ್ಲಿ ಒಂಬತ್ತು. ಬೆನ್ನು ಹಿಡಿದುಕೊಂಡು ಕಾಯುತ್ತಿದ್ದ ಇಬ್ಬರು ಎದ್ದು ಹೋಗಿದ್ದರು.

ಇದೆಲ್ಲ ಸಹಿಸಬಹುದಿತ್ತು. ಜನವರಿಯಲ್ಲಿ ಹಿಮಗಾಳಿ ಬೀಸಿ ಹೈವೇ ಮುಚ್ಚಿದರು. ನಾನು ವ್ಯಾಲೆಂಟೈನ್‌ನಲ್ಲಿ, ಹೆಂಡತಿ ಮತ್ತು ಏಳು ತಿಂಗಳ ಮಗು ಮೆರಿಮನ್‌ನಲ್ಲಿ. ಎರಡನೇ ರಾತ್ರಿ ಫೋನಿನಲ್ಲಿ, 'ಹಾಲಿನ ಪುಡಿ ಇನ್ನ ಎರಡ ಹೊತ್ತಿಗೆ ಆಗೂವಷ್ಟ ಐತ್ರೀ' ಅಂದಳು. ಅಳಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಸಹೋದ್ಯೋಗಿಯೊಬ್ಬರು ಅವರ ನೆಂಟರಿಗೆ, ಅವರು ಮೆರಿಮನ್ ಹತ್ತಿರದ ರಾಂಚಿನ ಒಬ್ಬ ಅಜ್ಜನಿಗೆ ಫೋನ್ ಮಾಡಿದರು. ಆತ ಟ್ರ್ಯಾಕ್ಟರಿನಲ್ಲಿ ಹಿಮ ಸರಿಸುತ್ತ ಹೋಗಿ, ತಮ್ಮ ಮೊಮ್ಮಗನಿಗೆಂದು ತಂದಿಟ್ಟಿದ್ದ ಡಬ್ಬಿ ಕೊಟ್ಟು, ಮನೆಯ ಹೀಟರ್ ನೋಡಿ ಬಂದರಂತೆ. ನಾನು ಮನೆ ಸೇರಿದ್ದು ನಾಲ್ಕನೇ ದಿನ.

ಅದಕ್ಕೇ ಹೇಳುತ್ತೇನೆ, ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ಒಂಟಿತನ ಜನಸಂಖ್ಯೆಯಿಂದ ಬರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರು ನನಗೆ ಗೊತ್ತಿರಲಿಲ್ಲ. ಇಲ್ಲಿ ಎದುರಿಗೆ ಬರುವ ಗಾಡಿಯವರು ಸ್ಟೀರಿಂಗ್ ಮೇಲಿನ ಬೆರಳೆತ್ತಿ ನಮಸ್ಕರಿಸದೆ ಮುಂದೆ ಹೋಗುವುದಿಲ್ಲ. ಕೋಡಿಯಲ್ಲಿ ಊರಿಗೆ ದಿನಸಿ ಅಂಗಡಿ ಇಲ್ಲ ಅಂತ ಶಾಲೆಯ ಮಕ್ಕಳೇ 2013ರಲ್ಲಿ ಒಂದು ಅಂಗಡಿ ತೆರೆದರು, ಹುಲ್ಲಿನ ಪಿಂಡಿಗಳಿಂದ ಕಟ್ಟಿದ ಗೋಡೆಯದು. ಇಂಥ ಜನರ ನಡುವೆ ಒಂಟಿ ಅನ್ನಿಸಿದರೆ ಒಮಾಹಾದಲ್ಲೂ ಅನ್ನಿಸುತ್ತದೆ. ಒಮಾಹಾದ ಆಫರ್ ಬಗ್ಗೆ ನಾನು ಇಷ್ಟೇ ಹೇಳುವುದು.

ಜನ ಕಡಿಮೆ ಇರುವುದಕ್ಕೆ ಕಾರಣ ನೆಲ. 1904ರ ಕಿಂಕೇಡ್ ಕಾಯ್ದೆಯಲ್ಲಿ ಪ್ರತಿ ಕುಟುಂಬಕ್ಕೂ 640 ಎಕರೆವರೆಗೆ ಕೊಟ್ಟರು, ನಮ್ಮ ಕಡೆ ದೇಸಾಯರಿಗೂ ಸಾಲುವಷ್ಟು. ಆದರೆ ಹುಲ್ಲು ಕಿತ್ತು ಉತ್ತರೆ ಮರಳು ಗಾಳಿಗೆ ಹಾರುತ್ತದೆ, ಬೆಳೆ ನಿಲ್ಲುವುದಿಲ್ಲ. ಹೆಚ್ಚಿನವರು ಮಾರಿ ಹೋದರು, ರಾಂಚ್‌ಗಳು ದೊಡ್ಡವಾದವು. ಇಂದು ಕೌಂಟಿಯಲ್ಲಿ ದನಗಳೇ ಒಂದು ಲಕ್ಷ ಮೀರಿವೆ. ಅದೇ ಮರಳಿನಡಿ ಓಗಲಾಲಾ ಅಂತರ್ಜಲ ತುಂಬಿದೆ. ದಿಬ್ಬಗಳ ತಗ್ಗಿನಲ್ಲಿ ಕೆರೆಯಾಗಿ, ನಯೋಬ್ರಾರಾ ನದಿಗೆ ಬುಗ್ಗೆಯಾಗಿ ಬರುವುದು ಅದೇ ನೀರು. ಮೊದಲ ಸಲ ನೋಡಿದಾಗ ಮಲಪ್ರಭೆಯ ದಂಡೆಯವನಿಗೆ ನಂಬಲಾಗಲಿಲ್ಲ.

ಹೋಗಿ. ಆದರೆ ಮನೆ ವ್ಯಾಲೆಂಟೈನ್‌ನಲ್ಲೇ ಸಿಗುವವರೆಗೆ ಸಂಸಾರ ಕರೆಸಬೇಡಿ, ಮೂರು ತಿಂಗಳು ಕಾಯಬೇಕಾದರೂ ಸರಿ. ಬಾಡಿಗೆ ಎರಡರಷ್ಟಾದರೂ ಕೊಡಿ. ಮನೆಯಿಂದ ಆಸ್ಪತ್ರೆಗೆ, ಹಾಲಿಗೆ, ಪೆಟ್ರೋಲಿಗೆ ಎಷ್ಟು ಮೈಲಿ ಅಂತ ಬರೆದಿಟ್ಟುಕೊಳ್ಳಿ, ಗಂಟೆ ಅಲ್ಲ, ಮೈಲಿ. ನವೆಂಬರ್ ಬರುವ ಮುಂಚೆ ಮಗುವಿಗೆ ಎರಡು ವಾರದ ಹಾಲಿನ ಪುಡಿ ಮನೆಯಲ್ಲಿರಲಿ.