ಕೈದಿ, ಬಂದಿ, ನಿವಾಸಿ

ಪ್ರಶ್ನೆ: ನಮ್ಮ ತಾಯಿಯವರು ಇರುವ ವೃದ್ಧಾಶ್ರಮದ ವಾರ್ಷಿಕೋತ್ಸವದ ಆಹ್ವಾನಪತ್ರಿಕೆಯಲ್ಲಿ ‘ಬೆಳಿಗ್ಗೆ 10ಕ್ಕೆ ಆಶ್ರಮದ ಕೈದಿಗಳಿಂದ ಭಜನೆ’ ಎಂದು ಅಚ್ಚಾಗಿತ್ತು. ವಿಚಾರಿಸಿದಾಗ, ಇಂಗ್ಲಿಷ್ ಪ್ರತಿಯಲ್ಲಿದ್ದ ‘ಇನ್‌ಮೇಟ್ಸ್’ ಎಂಬ ಪದಕ್ಕೆ ಮೊಬೈಲು ಕೊಟ್ಟ ಕನ್ನಡವೇ ಅದು ಎಂದರು. ಆ ಪದಕ್ಕೆ ಸರಿಯಾದ ಕನ್ನಡ ಯಾವುದು? ಕೈದಿ–ಖೈದಿ, ಬಂದಿ–ಬಂಧಿ ಇವುಗಳಲ್ಲಿ ಶುದ್ಧರೂಪ ಯಾವುದು?
— ಓದುಗರೊಬ್ಬರು, ಧಾರವಾಡ

ಉತ್ತರ: ಆ ಸಾಲನ್ನು ಓದಿ ನನಗೂ ನೋವಾಯಿತು. ಭಜನೆಗೆಂದು ಮಡಿಸೀರೆ ಉಟ್ಟು, ತಾಳ ಹಿಡಿದು ಕುಳಿತ ಹಿರಿಯರ ಕೈಗೆ ಆ ಪತ್ರಿಕೆ ಹೋಗಿರುತ್ತದೆ ಎಂಬುದನ್ನು ಅಚ್ಚಿಗೆ ಕಳುಹಿಸುವ ಮೊದಲು ಯಾರಾದರೂ ಒಮ್ಮೆ ನೆನೆಯಬೇಕಿತ್ತು.

‘ಇನ್‌ಮೇಟ್’ ಎಂಬ ಪದ ಹುಟ್ಟಿದ್ದು ಸೆರೆಮನೆಯಲ್ಲಲ್ಲ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ ಇನ್ನೊಬ್ಬರ ಮನೆಯಲ್ಲಿ ಜೊತೆಗೆ ವಾಸಿಸುವವನು, ಒಕ್ಕಲಿರುವವನು ಎಂಬ ಅರ್ಥವಿತ್ತು. ಮುಂದೆ ಅನಾಥಾಲಯ, ಆಸ್ಪತ್ರೆ, ಜೈಲು ಮುಂತಾದ ಸಂಸ್ಥೆಗಳಲ್ಲಿ ಇರಿಸಲ್ಪಟ್ಟವರಿಗೆಲ್ಲ ಅದು ಅನ್ವಯವಾಯಿತು. ಅಮೆರಿಕದಲ್ಲಿ ಇಂದು ಅದು ಬಹುಮಟ್ಟಿಗೆ ಜೈಲಿನ ಪದವಾಗಿದೆ. ನಮ್ಮ ದೇಶದ ಇಂಗ್ಲಿಷಿನಲ್ಲಾದರೋ ಹಾಸ್ಟೆಲು, ವೃದ್ಧಾಶ್ರಮಗಳಲ್ಲಿ ಇರುವವರಿಗೂ ಅದನ್ನೇ ಬಳಸುತ್ತೇವೆ. ಕನ್ನಡದಲ್ಲಿ ಇಷ್ಟನ್ನೆಲ್ಲ ಹೊರುವ ಒಂದು ಪದವಿಲ್ಲ, ಇಲ್ಲದಿರುವುದು ಕೊರತೆಯೂ ಅಲ್ಲ, ಏಕೆಂದರೆ ಕನ್ನಡವು ವ್ಯಕ್ತಿ ಎಲ್ಲಿದ್ದಾನೆ, ಯಾರ ಇಚ್ಛೆಯಿಂದ ಇದ್ದಾನೆ ಎಂಬುದನ್ನು ನೋಡಿ ಹೆಸರಿಡುತ್ತದೆ. ವೃದ್ಧಾಶ್ರಮದಲ್ಲಿರುವವರು ನಿವಾಸಿಗಳು ಅಥವಾ ಆಶ್ರಮವಾಸಿಗಳು, ಆಸ್ಪತ್ರೆಯಲ್ಲಿ ದಾಖಲಾದವರು ಒಳರೋಗಿಗಳು, ಹಾಸ್ಟೆಲಿನಲ್ಲಿರುವವರು ವಿದ್ಯಾರ್ಥಿಗಳೇ. ಒಂದು ಮನೆಯ ‘ಇನ್‌ಮೇಟ್ಸ್’ ನಿದ್ರಿಸುತ್ತಿದ್ದರು ಎಂದು ಇಂಗ್ಲಿಷಿನಲ್ಲಿದ್ದರೆ, ಕನ್ನಡದಲ್ಲಿ ‘ಮನೆಯವರೆಲ್ಲ ಮಲಗಿದ್ದರು’ ಎಂದರೆ ಮುಗಿಯಿತು.

ಇನ್ನು ಕಾಗುಣಿತದ ವಿಷಯ. ಅರಬ್ಬಿಯಲ್ಲಿ ‘ಕೈದ್’ ಎಂದರೆ ಸಂಕೋಲೆ, ಕಟ್ಟು. ಅದರಿಂದ ಬಂದ ‘ಕೈದಿ’ ಫಾರಸಿ, ಉರ್ದುಗಳ ಮೂಲಕ ನಮ್ಮ ಆಡಳಿತದ ಭಾಷೆಗೆ ಸೇರಿತು. ಮೂಲದಲ್ಲಿರುವುದು ಗಂಟಲಾಳದಿಂದ ಹೊರಡುವ ಕಕಾರವೇ ಹೊರತು ಮಹಾಪ್ರಾಣವಲ್ಲ. ಅದೇ ಕಕಾರವುಳ್ಳ ಕಾನೂನು, ಕರಾರು, ಕಿಮ್ಮತ್ತು, ಕಾಯಂ ಎಂಬ ಪದಗಳನ್ನು ಯಾರೂ ‘ಖಾನೂನು’, ‘ಖರಾರು’ ಎಂದು ಬರೆಯುವುದಿಲ್ಲ. ಖಾಲಿ, ಖರ್ಚು, ಖಜಾನೆಗಳ ಸಾಲಿಗೆ ಕೈದಿಯನ್ನೂ ತಪ್ಪಾಗಿ ಸೇರಿಸಿದ್ದರಿಂದ ‘ಖೈದಿ’ ಹುಟ್ಟಿಕೊಂಡಿರಬೇಕು. ಪತ್ರಿಕೆಗಳಲ್ಲಿ ಅದು ಎಷ್ಟೇ ಬಳಕೆಯಲ್ಲಿದ್ದರೂ ‘ಕೈದಿ’ ಎಂದು ಬರೆಯುವುದೇ ಲೇಸು. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಕೈದು’ ಎಂದರೆ ಆಯುಧ. ಅದು ಅಚ್ಚಗನ್ನಡ ಪದ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸೆರೆಯಾಳು ಎಂಬ ಅರ್ಥದ ‘ಬಂದಿ’ ಅಲ್ಪಪ್ರಾಣದ ಪದ; ಅಮರಕೋಶದಲ್ಲಿಯೂ ‘ಬಂದೀ’ ಎಂದೇ ಇದೆ. ಬಂಧನ, ಬಂಧಿತ, ಬಂಧಿಸು ಎಂಬ ಪದಗಳು ಪಕ್ಕದಲ್ಲೇ ಇರುವುದರಿಂದ ಕೈ ತಾನಾಗಿ ‘ಬಂಧಿ’ ಎಂದು ಬರೆದುಬಿಡುತ್ತದೆ. ಬಂದೀಖಾನೆ, ಸಜಾಬಂದಿ, ಯುದ್ಧಬಂದಿ ಇವೆಲ್ಲ ಅಲ್ಪಪ್ರಾಣದಲ್ಲೇ ಇರಲಿ.

ನೀವು ಕೇಳದಿದ್ದರೂ ಇಲ್ಲಿ ಹೇಳಲೇಬೇಕಾದ ಮಾತೊಂದಿದೆ. ಜೈಲಿನಲ್ಲಿರುವವರನ್ನು ಕೈದಿ ಎನ್ನುವುದು ಸರಿ, ಆದರೆ ಅವರೆಲ್ಲರನ್ನೂ ಅಪರಾಧಿಗಳು ಎನ್ನುವುದು ತಪ್ಪು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದರೆ ನ್ಯಾಯಾಲಯ ಇನ್ನೂ ತಪ್ಪಿತಸ್ಥರೆಂದು ತೀರ್ಮಾನಿಸದವರು. ಶಿಕ್ಷೆ ಅನುಭವಿಸುತ್ತಿರುವವನು ಸಜಾಬಂದಿ, ವಿಚಾರಣೆಗಾಗಿ ಕಾಯುತ್ತಿರುವವನು ವಿಚಾರಣಾಧೀನ ಕೈದಿ. ಒಬ್ಬನು ಅಪರಾಧಿ, ಇನ್ನೊಬ್ಬನು ಆರೋಪಿ ಮಾತ್ರ. ವರದಿಗಾರರು ಅವಸರದಲ್ಲಿ ಈ ಗೆರೆಯನ್ನು ಅಳಿಸಿದರೆ, ಆ ಮನುಷ್ಯ ಬಿಡುಗಡೆಯಾಗಿ ಊರಿಗೆ ಮರಳಿದ ಮೇಲೂ ಅಚ್ಚಾದ ಅಕ್ಷರ ಅವನ ಬೆನ್ನು ಬಿಡುವುದಿಲ್ಲ.

ಮಕ್ಕಳ ವಿಷಯದಲ್ಲಂತೂ ಕಾನೂನೇ ಪದದ ಎಚ್ಚರವನ್ನು ವಿಧಿಸಿದೆ. ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಗಳಲ್ಲಿ ದೋಷಾರೋಪದ ಧಾಟಿಯ ಪದಗಳನ್ನು ಬಳಸಕೂಡದು ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ತ್ವಗಳಲ್ಲಿ ಒಂದು. ಹಾಗಾಗಿ ಬಾಲಮಂದಿರದಲ್ಲಿಯೋ ವೀಕ್ಷಣಾಲಯದಲ್ಲಿಯೋ ಇರುವವರು ಬಾಲಕೈದಿಗಳಲ್ಲ, ಅಲ್ಲಿನ ಮಕ್ಕಳು.

ನಿಮ್ಮ ಆಹ್ವಾನಪತ್ರಿಕೆಯನ್ನು ಮರುಮುದ್ರಿಸುವುದಾದರೆ ‘ಆಶ್ರಮದ ಹಿರಿಯರಿಂದ ಭಜನೆ’ ಎಂದಿರಲಿ. ‘ನಿವಾಸಿಗಳಿಂದ’ ಎಂದರೂ ತಪ್ಪಿಲ್ಲವಾದರೂ, ಮನೆಯಲ್ಲಿ ನಾವು ಅವರನ್ನು ಕರೆಯುವುದು ಹಿರಿಯರು ಎಂದೇ ಅಲ್ಲವೇ?